ಕಡತ ಕಟ್ಟುವ ವಕೀಲ

2005ನೇ ಇಸವಿಯ ಜನವರಿ 28ರಂದು ಬೆಂಗಳೂರಿನ ಎರಡು ಕಂಪನಿಗಳ ನಡುವೆ ಒಂದು ಕರಾರು ಆಯಿತು. ಒಂದು, ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಕಾರ್ಪೊರೇಷನ್. ಇನ್ನೊಂದು, ಅದಕ್ಕೆ ಸುಮಾರು ಆರು ವಾರ ಮುಂಚೆಯಷ್ಟೇ ನೋಂದಣಿಯಾಗಿದ್ದ ದೇವಾಸ್ ಮಲ್ಟಿಮೀಡಿಯಾ. ಎರಡು ಉಪಗ್ರಹಗಳ ಮೂಲಕ ಮೊಬೈಲ್ ಫೋನುಗಳಿಗೆ ಚಿತ್ರ, ಧ್ವನಿ, ಮಾಹಿತಿ ತಲುಪಿಸುವ ಯೋಜನೆ ಅದು. ಇದಕ್ಕೆ ಬೇಕಾಗಿದ್ದುದು ಎಸ್ ಬ್ಯಾಂಡಿನ 70 ಮೆಗಾಹರ್ಟ್ಸ್ ತರಂಗಗಳು. ಎರಡರಿಂದ ನಾಲ್ಕು ಗಿಗಾಹರ್ಟ್ಸ್ ನಡುವಿನ ಈ ತರಂಗಗಳು ಅವುಗಳಿಗಿಂತ ಹೆಚ್ಚಿನ ಆವರ್ತನದವುಗಳ ಹಾಗೆ ಮಳೆ ಮೋಡಗಳಿಗೆ ಸುಲಭವಾಗಿ ಸೋಲುವುದಿಲ್ಲ. ಆದ್ದರಿಂದಲೇ ಎಲ್ಲರ ಕಣ್ಣೂ ಅವುಗಳ ಮೇಲೆ. 2011ರ ಫೆಬ್ರುವರಿಯಲ್ಲಿ, ದೇಶದ ರಕ್ಷಣೆ ಮುಂತಾದ ಅಗತ್ಯಗಳಿಗೆ ಈ ತರಂಗಗಳು ಬೇಕು ಎಂಬ ಕಾರಣ ನೀಡಿ ಕರಾರನ್ನು ರದ್ದುಪಡಿಸಲಾಯಿತು.

ಉಪಗ್ರಹಗಳ ಕಥೆ ಚಿಕ್ಕದು. ಜಿಸ್ಯಾಟ್-6 2015ರ ಆಗಸ್ಟ್‌ನಲ್ಲಿ ಮೇಲೇರಿತು. ಜಿಸ್ಯಾಟ್-6ಎ 2018ರ ಮಾರ್ಚ್‌ನಲ್ಲಿ ಹಾರಿ ಕೆಲವೇ ದಿನಗಳಲ್ಲಿ ಸಂಪರ್ಕ ಕಡಿದುಕೊಂಡಿತು. ಕರಾರಿನ ಜಗಳದ ಕಥೆ ಮಾತ್ರ ಬಲು ಉದ್ದ. ಆರ್ಬಿಟ್ರೇಷನ್, ಅಂದರೆ ಎರಡೂ ಕಡೆಯವರು ಒಪ್ಪಿದ ಪಂಚರ ಮುಂದೆ ನಡೆಯುವ ವಿಚಾರಣೆ, 2015ರ ಸೆಪ್ಟೆಂಬರ್‌ನಲ್ಲಿ ಮುಗಿದು, ಆಂಟ್ರಿಕ್ಸ್ 56 ಕೋಟಿ 25 ಲಕ್ಷ ಡಾಲರ್ ಪರಿಹಾರ ಕೊಡಬೇಕು ಎಂದಾಯಿತು. ದೇವಾಸ್‌ನಲ್ಲಿ ಹಣ ಹೂಡಿದ್ದ ವಿದೇಶಿ ಕಂಪನಿಗಳು ಭಾರತ ಸರಕಾರದ ಮೇಲೆಯೇ ಹೂಡಿದ್ದ ಎರಡು ಬೇರೆ ಪ್ರಕರಣಗಳಲ್ಲೂ ಭಾರತಕ್ಕೆ ಸೋಲಾಯಿತು. ಇತ್ತ 2021ರ ಮೇ ತಿಂಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯು ದೇವಾಸ್ ಕಂಪನಿ ಹುಟ್ಟಿದ್ದೇ ವಂಚನೆಗಾಗಿ ಎಂದು ಅದನ್ನು ಮುಚ್ಚಲು ಆದೇಶಿಸಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಪಂಚರ ತೀರ್ಪನ್ನು ರದ್ದು ಮಾಡಿತು. ಅಷ್ಟಕ್ಕೇ ಮುಗಿಯಿತೇ? 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್, ಆಂಟ್ರಿಕ್ಸ್ ಮೇಲಿನ ಪ್ರಕರಣವನ್ನು ಅಲ್ಲಿನ ನ್ಯಾಯಾಲಯಗಳು ಕೇಳಬಹುದೇ ಎಂಬ ಪ್ರಶ್ನೆಯಲ್ಲಿ ಕೆಳಗಿನ ಕೋರ್ಟಿನ ನಿಲುವನ್ನು ತಳ್ಳಿಹಾಕಿ ಪ್ರಕರಣವನ್ನು ಹಿಂದಕ್ಕೆ ಕಳಿಸಿತು. ಕರಾರಿಗೆ ಆಗ ಇಪ್ಪತ್ತು ವರ್ಷ ತುಂಬಿತ್ತು.

ಇಷ್ಟು ವರ್ಷ, ಇಷ್ಟು ದೇಶಗಳಲ್ಲಿ ಈ ಜಗಳವನ್ನು ಹೊತ್ತು ನಡೆಸಿದವರು ಯಾರು? ಪತ್ರಿಕೆಗಳಲ್ಲಿ ಹೆಸರು ಬರುವುದು ವಾದ ಮಂಡಿಸಿದ ಹಿರಿಯ ವಕೀಲರದು. ಅವರ ಹಿಂದೆ ಕಡತ ಕಟ್ಟಿದವರು ಹತ್ತಾರು, ನೂರಾರು ಮಂದಿ. ಸುಪ್ರೀಂ ಕೋರ್ಟಿನ 2022ರ ತೀರ್ಪನ್ನು ಓದಿದರೆ ಇದು ಗೊತ್ತಾಗುತ್ತದೆ. ಅಲ್ಲಿ ಚರ್ಚೆಗೆ ಬಂದದ್ದು ದೊಡ್ಡ ದೊಡ್ಡ ತತ್ವಗಳಿಗಿಂತ ಹೆಚ್ಚಾಗಿ ಹಳೆಯ ಕಾಗದಗಳು: ಸಂಪುಟಕ್ಕೆ ಹೋದ ಟಿಪ್ಪಣಿಯಲ್ಲಿ ಏನು ಬರೆದಿತ್ತು, ಏನನ್ನು ಬರೆದಿರಲಿಲ್ಲ, ಯಾವ ಸಭೆಯ ನಡಾವಳಿಯಲ್ಲಿ ಏನು ದಾಖಲಾಗಿತ್ತು. ಇಂಥ ಕಾಗದಗಳನ್ನು ಹುಡುಕಿ, ಓದಿ, ಹೊಂದಿಸಿ, ನ್ಯಾಯಾಧೀಶರ ಮುಂದಿಡುವಂತೆ ಮಾಡುವುದೇ ವಾಣಿಜ್ಯ ವ್ಯಾಜ್ಯದ ವಕೀಲರ ಕಸುಬು. ಇವರಲ್ಲಿ ಹೆಚ್ಚಿನವರು ಕೆಲಸ ಮಾಡುವುದು ಲಾ ಫರ್ಮ್ ಎಂದು ಕರೆಯುವ, ಪಾಲುದಾರಿಕೆಯಲ್ಲಿ ನಡೆಯುವ ದೊಡ್ಡ ವಕೀಲ ಸಂಸ್ಥೆಗಳಲ್ಲಿ.

ವಕೀಲಿ ವೃತ್ತಿ ಎಂದೊಡನೆ ನಮ್ಮ ಮನೆಗಳಲ್ಲಿ ಕಣ್ಣಮುಂದೆ ಬರುವುದು ಊರಿನ ತಾಲ್ಲೂಕು ಕೋರ್ಟು, ಕರಿ ಕೋಟು, ಜಮೀನಿನ ವ್ಯಾಜ್ಯ, ಬೆಳೆಯುತ್ತಲೇ ಹೋಗುವ ಮುದ್ದತ್ತು. ಇಲ್ಲವೇ ಸಿನಿಮಾದ ಗುಡುಗು ಭಾಷಣ. ದೊಡ್ಡ ಫರ್ಮಿನ ಕೆಲಸ ಈ ಎರಡೂ ಅಲ್ಲ. ಅದನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಮತ್ತು ಕಲ್ಕತ್ತ ಹೈಕೋರ್ಟುಗಳಲ್ಲಿ ದೊಡ್ಡ ದಾವೆಗಳು ನೇರವಾಗಿ ದಾಖಲಾಗುತ್ತಿದ್ದವು. ಅಲ್ಲಿ ವಕೀಲರಲ್ಲಿ ಎರಡು ವರ್ಗ. ಕಕ್ಷಿದಾರನ ಜೊತೆ ಮಾತಾಡಿ ಕಾಗದಪತ್ರ ಸಿದ್ಧಪಡಿಸುವವರು ಸಾಲಿಸಿಟರುಗಳು, ಕೋರ್ಟಿನಲ್ಲಿ ನಿಂತು ವಾದಿಸುವವರು ಬೇರೆಯವರು. ಮುಂಬಯಿಯ ಕ್ರಾಫರ್ಡ್ ಬೇಲಿ 1830ರಲ್ಲಿ, ಕಲ್ಕತ್ತದ ಖೇತಾನ್ 1911ರಲ್ಲಿ, ಮುಂಬಯಿಯ ಅಮರ್‌ಚಂದ್ ಮಂಗಲ್‌ದಾಸ್ 1917ರಲ್ಲಿ ಹುಟ್ಟಿದ ಸಂಸ್ಥೆಗಳು. ಕೊನೆಯದು 2015ರಲ್ಲಿ ಅಣ್ಣತಮ್ಮಂದಿರ ನಡುವೆ ಎರಡು ಭಾಗವಾಯಿತು. ಎರಡೂ ಇಂದು ದೇಶದ ಅತಿ ದೊಡ್ಡ ಫರ್ಮುಗಳ ಸಾಲಿನಲ್ಲಿವೆ. 1976ರ ತಿದ್ದುಪಡಿ ಕಾಯ್ದೆಯಿಂದ ಈ ಎರಡು ವರ್ಗದ ಪದ್ಧತಿ ಕಾನೂನಿನಲ್ಲಿ ಹೋಯಿತು, ರೂಢಿಯಲ್ಲಿ ಉಳಿಯಿತು. ಇಂದಿಗೂ ದೊಡ್ಡ ಪ್ರಕರಣದಲ್ಲಿ ಫರ್ಮು ಕಡತ ಕಟ್ಟುತ್ತದೆ. ಮುಖ್ಯ ವಾದಕ್ಕೆ ಹೊರಗಿನ ಹಿರಿಯ ವಕೀಲರನ್ನು ಗೊತ್ತುಮಾಡುತ್ತದೆ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ 'ಸೀನಿಯರ್' ಎಂಬ ಪದವಿ ಕೊಟ್ಟ ವಕೀಲರು ತಾವೇ ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರನಿಂದ ನೇರವಾಗಿ ಪ್ರಕರಣ ತೆಗೆದುಕೊಳ್ಳುವಂತಿಲ್ಲ. ಅವರಿಗೆ ಕಡತ ತಂದುಕೊಡುವ ವಕೀಲರು ಬೇಕೇ ಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಸಾಲಿಸಿಟರುಗಳ ಸಂಪ್ರದಾಯವಿರಲಿಲ್ಲ. ಇಲ್ಲಿನ ವಕೀಲರ ಕಚೇರಿಯಲ್ಲಿ ದಾವೆ ಬರೆದವರೇ ಹೋಗಿ ವಾದಿಸುತ್ತಿದ್ದರು, ಈಗಲೂ ಬಹುತೇಕ ಹಾಗೆಯೇ. ಆದ್ದರಿಂದ ನಮ್ಮ ಪಾಲಕರಿಗೆ ಫರ್ಮಿನ ಕೆಲಸ ಅಪರಿಚಿತವಾಗಿ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಕೆಲಸ ಹೇಗಿರುತ್ತದೆ? ಪೀಣ್ಯದ ಒಂದು ಕಾರ್ಖಾನೆ ಇನ್ನೊಂದು ಕಂಪನಿಗೆ 40 ಲಕ್ಷ ರೂಪಾಯಿಯ ಬಿಡಿಭಾಗಗಳನ್ನು ಪೂರೈಸಿತು ಎಂದಿಟ್ಟುಕೊಳ್ಳಿ. ಹಣ ಬರಲಿಲ್ಲ. ಕೇಳಿದರೆ, ಮಾಲು ಕಳಪೆ ಎಂಬ ಉತ್ತರ. ದೊಡ್ಡ ಫರ್ಮಿಗೆ ಇಷ್ಟು ಸಣ್ಣ ದಾವೆ ಬರುವುದಿಲ್ಲ. ಅಲ್ಲಿ ಸೊನ್ನೆಗಳು ಹೆಚ್ಚು, ಆದರೆ ವಿಧಾನ ಇದೇ. ಹೊಸದಾಗಿ ಸೇರಿದ ವಕೀಲೆಗೆ ಮೊದಲು ಸಿಗುವುದು ಒಂದು ರಾಶಿ: ಖರೀದಿ ಆದೇಶ, ಇನ್‌ವಾಯ್ಸ್, ಲಾರಿ ರಸೀದಿ, ಮೂರು ವರ್ಷದ ಇ-ಮೇಲು, ವಾಟ್ಸ್‌ಆ್ಯಪ್ ಸಂದೇಶ. ಅವುಗಳಿಂದ ಅವಳು ಒಂದು ಪಟ್ಟಿ ಮಾಡಬೇಕು. ಎಡಗಡೆ ತಾರೀಕು, ನಡುವೆ ಘಟನೆ, ಬಲಗಡೆ ಪುಟಸಂಖ್ಯೆ. ಮಾಲು ತಲುಪಿದ್ದು ಎಂದು? ದೋಷ ಇದೆ ಎಂದು ಮೊದಲ ಬಾರಿ ಬರೆದದ್ದು ಎಂದು? ಹಣ ಕೇಳಿ ನೋಟಿಸು ಹೋದದ್ದು ಎಂದು? ದೋಷದ ಮೊದಲ ಮಾತು ನೋಟಿಸು ತಲುಪಿದ ಮರುದಿನ ಬಂದಿದ್ದರೆ ಪ್ರಕರಣದ ಅರ್ಧ ಅಲ್ಲೇ ತೀರ್ಮಾನವಾದಂತೆ. ಇದನ್ನು ಯಾರೂ ಭಾಷಣ ಮಾಡಿ ಹೇಳಬೇಕಾಗಿಲ್ಲ, ಪಟ್ಟಿಯೇ ಹೇಳುತ್ತದೆ.

ಆಮೇಲೆ ಗಡುವುಗಳು. ಕರಾರು ಮುರಿದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದಾಗ 1 ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳಿಗಷ್ಟೇ ಅದು ಅನ್ವಯಿಸುತ್ತಿತ್ತು. 2018ರ ತಿದ್ದುಪಡಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿತು. ಹಾಗಾಗಿ ಪೀಣ್ಯದ ನಮ್ಮ ಕಾರ್ಖಾನೆಯೂ ಅಲ್ಲಿಗೇ ಹೋಗಬೇಕು. ತುರ್ತಾಗಿ ತಡೆಯಾಜ್ಞೆ ಬೇಕಿಲ್ಲದಿದ್ದರೆ ಮೊದಲು ರಾಜಿ ಸಂಧಾನಕ್ಕೆ ಹೋಗಿಬರುವುದು ಕಡ್ಡಾಯ. ಹೋಗದೆ ಹೂಡಿದ ದಾವೆಯನ್ನು ತಿರಸ್ಕರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ದಾವೆ ಹೂಡುವಾಗಲೇ ತನ್ನಲ್ಲಿರುವ ಎಲ್ಲ ಸಂಬಂಧಿತ ದಾಖಲೆಗಳನ್ನು, ತನಗೆ ವಿರುದ್ಧವಾದವನ್ನೂ ಸೇರಿಸಿ, ವಾದಿ ಸಲ್ಲಿಸಬೇಕು. ಪ್ರತಿವಾದಿ ಲಿಖಿತ ಉತ್ತರ ಕೊಡಲು 30 ದಿನ; ಕಾರಣ ತೋರಿಸಿದರೆ ಒಟ್ಟು 120 ದಿನದವರೆಗೆ. ನೂರಿಪ್ಪತ್ತೊಂದನೆಯ ದಿನ ಬಂದರೆ? ಉತ್ತರ ಕೊಡುವ ಹಕ್ಕೇ ಹೋಯಿತು. ನ್ಯಾಯಾಧೀಶರಿಗೂ ವಿನಾಯಿತಿ ಕೊಡಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಖಚಿತಪಡಿಸಿತು. ಹತ್ತಾರು ಕೋಟಿಯ ವ್ಯಾಜ್ಯದಲ್ಲಿ ಒಬ್ಬ ಕಿರಿಯ ವಕೀಲ ದಿನ ಎಣಿಸುವುದರಲ್ಲಿ ತಪ್ಪಿದರೆ ಏನಾಗಬಹುದು ಎಂಬುದನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಬಹುದು.

ಆದ್ದರಿಂದಲೇ ಈ ಕೆಲಸಕ್ಕೆ ಯಾವ ಮಕ್ಕಳು ಸರಿ ಎಂಬ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಚರ್ಚಾಸ್ಪರ್ಧೆಯಲ್ಲಿ ಕಪ್ಪು ತಂದ ಮಗುವನ್ನು ನೋಡಿ 'ಇವಳು ಲಾಯರ್ ಆಗ್ತಾಳೆ' ಎನ್ನುವುದು ವಾಡಿಕೆ. ಕಪ್ಪು ಗೆದ್ದದ್ದು ಒಳ್ಳೆಯದೇ. ಆದರೆ ಫರ್ಮಿನ ಕೆಲಸಕ್ಕೆ ಇನ್ನೂ ಒಳ್ಳೆಯ ಸೂಚನೆ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಲ್ಲಿ ಸಿಗುತ್ತದೆ. ಬ್ಯೂರೆಟ್ಟಿನ ಅಳತೆ 18.4 ಬಂದರೆ 18.4 ಎಂದೇ ಬರೆಯುವವರು, ಪಕ್ಕದವನ ಉತ್ತರ 18.6 ಇದೆ ಎಂದು ತಿದ್ದದವರು, ವೀಕ್ಷಣೆಯ ಕಲಮಿಗೂ ನಿರ್ಣಯದ ಕಲಮಿಗೂ ವ್ಯತ್ಯಾಸ ಬಲ್ಲವರು ಈ ಕೆಲಸಕ್ಕೆ ಹೇಳಿಮಾಡಿಸಿದವರು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಒಂದು ವಾಣಿಜ್ಯ ವ್ಯಾಜ್ಯದಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶದಲ್ಲಿ ಉದ್ಧರಿಸಿದ್ದ ಸುಪ್ರೀಂ ಕೋರ್ಟ್ ತೀರ್ಪುಗಳು ಇರಲೇ ಇಲ್ಲ ಎಂಬುದು ಬೆಳಕಿಗೆ ಬಂತು. ಹೈಕೋರ್ಟ್ ಮುಂದಿನ ಕ್ರಮಕ್ಕೆ ಆದೇಶಿಸಿತು. ಕಂಪ್ಯೂಟರಿನ ಕೃತಕ ಬುದ್ಧಿ ಇಂದು ಸಾವಿರ ಪುಟವನ್ನು ಕ್ಷಣದಲ್ಲಿ ಸಂಗ್ರಹಿಸಿ ಕೊಡಬಲ್ಲದು, ಇಲ್ಲದ ತೀರ್ಪನ್ನು ನಿಜವೆಂಬಂತೆ ಹೆಣೆದೂ ಕೊಡಬಲ್ಲದು. ಮೂಲ ಪುಟ ತೆರೆದು ನೋಡುವ ಅಭ್ಯಾಸವುಳ್ಳವರಿಗೆ ಬೆಲೆ ಕಡಿಮೆಯಾಗುವ ಲಕ್ಷಣ ಕಾಣುವುದಿಲ್ಲ.

ಹಾಗಾದರೆ ದಾರಿ ಯಾವುದು? ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದ್ದರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಬೇರೆ ಪದವಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಇದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಗಣಿತ. ಎಲ್ಲವೂ ದೀರ್ಘ ಭಾಗಗಳನ್ನು ಓದಿ ಉತ್ತರಿಸುವಂಥವು, ಅಂದರೆ ಪರೀಕ್ಷೆ ನಡೆಯುವುದು ಓದುವ ವೇಗದ ಮೇಲೆ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಅಂಕ ಬೇಕು. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ಈ ಬಗೆಯ ಸಂಸ್ಥೆಗಳಲ್ಲಿ ಮೊದಲನೆಯದು. ಅಲ್ಲಿ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸೀಟುಗಳ ಮೀಸಲು ಇದೆ ಎಂಬುದನ್ನು ನಮ್ಮ ಜಿಲ್ಲೆಗಳ ಪಾಲಕರು ಗಮನಿಸಿದಂತೆ ಕಾಣುವುದಿಲ್ಲ. ಐದು ವರ್ಷದ ಖರ್ಚು ಹಲವು ಲಕ್ಷಗಳಾಗುತ್ತದೆ, ವಿದ್ಯಾರ್ಥಿವೇತನ ಮತ್ತು ಬ್ಯಾಂಕ್ ಸಾಲದ ವಿಚಾರಣೆ ಮೊದಲೇ ಆಗಬೇಕು.

ಕ್ಲಾಟ್ ಸಿಗದಿದ್ದರೆ ದಾರಿ ಮುಚ್ಚಿತು ಎಂದೇನೂ ಅಲ್ಲ. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಆರಂಭವಾಯಿತು. ರಾಜ್ಯದ ಕಾನೂನು ಕಾಲೇಜುಗಳಲ್ಲಿ ಬಹುಪಾಲು ಅದರ ಅಡಿಯಲ್ಲಿವೆ. ಅಲ್ಲಿ ಉತ್ತರವನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು, ಖರ್ಚೂ ಬಹಳ ಕಡಿಮೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ದೊಡ್ಡ ಫರ್ಮುಗಳು ಆಯ್ಕೆಗೆಂದು ತಾವಾಗಿ ಹೋಗುವುದು ಹೆಚ್ಚಾಗಿ ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಮತ್ತು ಕೆಲವು ಹೆಸರಾಂತ ಕಾಲೇಜುಗಳಿಗೆ. ಉಳಿದವರು ಇಂಟರ್ನ್‌ಶಿಪ್ ಎಂಬ ಕಿಟಕಿಯಿಂದ ಒಳಹೋಗಬೇಕು. ಐದು ವರ್ಷದ ಪದವಿಯಲ್ಲಿ ಕನಿಷ್ಠ 20 ವಾರ, ಮೂರು ವರ್ಷದ್ದರಲ್ಲಿ 12 ವಾರ ಇಂಟರ್ನ್‌ಶಿಪ್ ಕಡ್ಡಾಯ. ಸಹಿಗಾಗಿ ಪರಿಚಿತ ವಕೀಲರ ಕಚೇರಿ ಸುತ್ತುವ ಬದಲು ಆ ವಾರಗಳನ್ನು ನಿಜವಾಗಿ ದುಡಿದವರು ಜಿಲ್ಲಾ ಕಾಲೇಜುಗಳಿಂದಲೂ ಫರ್ಮು ಸೇರಿದ್ದಾರೆ. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವೂ ಇದೆ. ಕರ್ನಾಟಕದಲ್ಲಿ ಕಾರ್ಖಾನೆಯ ಜಾಗದ ಜಗಳ ಎಂದರೆ ಪಹಣಿ, ಕ್ರಯಪತ್ರ, ಕೆಳ ನ್ಯಾಯಾಲಯದ ಸಾಕ್ಷಿ ಹೇಳಿಕೆ ಕನ್ನಡದಲ್ಲಿರುತ್ತವೆ. ಅನುವಾದವನ್ನು ನಂಬಿ ಕೂರುವ ವಕೀಲನಿಗಿಂತ ಮೂಲವನ್ನೇ ಓದಬಲ್ಲವನು ಒಂದು ಹೆಜ್ಜೆ ಮುಂದೆ. ಇಂಗ್ಲಿಷ್ ಬರವಣಿಗೆಯನ್ನು ಮಾತ್ರ ಗಟ್ಟಿಮಾಡಿಕೊಳ್ಳಲೇಬೇಕು, ಕೋರ್ಟಿನ ಮೇಲಿನ ಹಂತಗಳಲ್ಲಿ ಅದಿಲ್ಲದೆ ನಡೆಯುವುದಿಲ್ಲ.

ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಇದಕ್ಕೆ ಸಾವಿರಾರು ರೂಪಾಯಿ ಕೇಳುವ ಪದ್ಧತಿ ಹಿಂದೆ ಇತ್ತು. ಕಾಯ್ದೆಯಲ್ಲಿ ಹೇಳಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ, ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ನೀಡಿತು. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು.

ಹಣದ ಮಾತು. ಮೊದಲ ಸಾಲಿನ ಫರ್ಮುಗಳಲ್ಲಿ ಆರಂಭದಲ್ಲೇ ವರ್ಷಕ್ಕೆ 15 ಲಕ್ಷ ರೂಪಾಯಿ ದಾಟಿದ ಮೊತ್ತ ಸಿಗುವುದುಂಟು. ಇತ್ತ ಜಿಲ್ಲಾ ಕೋರ್ಟಿನಲ್ಲಿ ಹಿರಿಯರ ಬಳಿ ಸೇರಿದ ಕಿರಿಯ ವಕೀಲನಿಗೆ ಬಸ್ ಚಾರ್ಜು, ಊಟದ ಖರ್ಚು ಸಿಕ್ಕರೆ ಪುಣ್ಯ ಎಂಬ ಸ್ಥಿತಿ. ನಗರಗಳಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮಾಂತರದಲ್ಲಿ 15 ಸಾವಿರ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹೇಳಿದ್ದು ಬರೀ ಶಿಫಾರಸು. ಒಂದೇ ಪದವಿ, ಒಂದೇ ಕರಿ ಕೋಟು, ಇಷ್ಟೊಂದು ಅಂತರ! ವೃತ್ತಿಯ ಹಿರಿಯರು ನಾಚಿಕೊಳ್ಳಬೇಕಾದ ವಿಷಯ ಇದು. ಸಾಲ ಮಾಡಿ ಓದಿದ ಬಡವರ ಮಗನಿಗೆ ಫರ್ಮು ಸೇರುವುದೊಂದೇ ಉಳಿದ ದಾರಿಯಾಗುವುದು ಈ ಅಂತರದಿಂದಲೇ. ಇನ್ನೊಂದು ವಿಚಿತ್ರವಿದೆ: ಪೂರ್ಣಕಾಲಿಕ ಸಂಬಳದ ನೌಕರನಾಗಿ ವಕೀಲಿ ಮಾಡುವಂತಿಲ್ಲ ಎಂಬುದು ಪರಿಷತ್ತಿನ ನಿಯಮ. ಹಾಗಾಗಿ ಫರ್ಮು ಕೊಡುವುದು ಸಂಬಳವಲ್ಲ, ವೃತ್ತಿ ಶುಲ್ಕ. ಭವಿಷ್ಯನಿಧಿ ಮುಂತಾದವು ಸಾಮಾನ್ಯವಾಗಿ ಇರುವುದಿಲ್ಲ. 'ತಿಂಗಳ ಸಂಬಳದ ಭದ್ರ ಕೆಲಸ' ಎಂದು ಬಗೆಯುವ ಪಾಲಕರಿಗೆ ಇದು ತಿಳಿದಿರಬೇಕು.

ಆ ಹಣಕ್ಕೆ ತೆರಬೇಕಾದ ಬೆಲೆ ಸಮಯ. ಅನೇಕ ಫರ್ಮುಗಳಲ್ಲಿ ಒಂದು ಗಂಟೆಯನ್ನು ಆರಾರು ನಿಮಿಷದ ಹತ್ತು ತುಂಡು ಮಾಡಿ, ಯಾವ ತುಂಡು ಯಾವ ಕಕ್ಷಿದಾರನ ಲೆಕ್ಕಕ್ಕೆ ಎಂದು ವಕೀಲರು ಬರೆದಿಡಬೇಕು. ನಾಳೆ ವಿಚಾರಣೆ ಎಂದರೆ ಇಂದು ಸಂಜೆ ಸೀನಿಯರ್ ಜೊತೆ ಚರ್ಚೆ, ಅವರು ಕೇಳಿದ ಹೊಸ ಟಿಪ್ಪಣಿ, ರಾತ್ರಿ ಎರಡು ಗಂಟೆಗೆ ಮುದ್ರಣ, ಬೆಳಿಗ್ಗೆ ಹತ್ತೂವರೆಗೆ ಕೋರ್ಟು. ಅಲ್ಲಿ ಸೀನಿಯರ್ ವಾದಿಸುತ್ತಾರೆ, ಕಿರಿಯ ವಕೀಲೆ ಹಿಂದಿನ ಸಾಲಿನಲ್ಲಿ ಕುಳಿತು 'ಪುಟ 412' ಎಂದು ಪಿಸುಗುಟ್ಟುತ್ತಾಳೆ. ಮುಖ್ಯ ವಾದಕ್ಕೆ ತಾನೇ ನಿಲ್ಲುವ ದಿನ ಬರಲು ವರ್ಷಗಳೇ ಬೇಕು. ಕೆಲವರಿಗೆ ಬರುವುದೇ ಇಲ್ಲ. ಅಸೋಸಿಯೇಟ್ ಆಗಿ ಸೇರಿ, ಸೀನಿಯರ್ ಅಸೋಸಿಯೇಟ್, ಪ್ರಿನ್ಸಿಪಲ್ ಅಸೋಸಿಯೇಟ್ ಎಂದು ಏರಿ, ಮುಂದೆ ಪಾಲುದಾರರಾದವರ ಕೆಲಸ ಇನ್ನೂ ಬೇರೆ: ಕಕ್ಷಿದಾರನನ್ನು ತರುವುದು, ಉಳಿಸಿಕೊಳ್ಳುವುದು, ಗೆಲ್ಲಲಾಗದ ಪ್ರಕರಣದಲ್ಲಿ 'ರಾಜಿಯಾಗಿ' ಎಂದು ಅವನ ಮುಖಕ್ಕೆ ಹೇಳುವುದು. ಮೊದಲ ಐದಾರು ವರ್ಷದಲ್ಲಿ ಫರ್ಮು ಬಿಟ್ಟು ಹೋಗುವವರಿಗೂ ಕಡಿಮೆಯಿಲ್ಲ. ಕೆಲವರು ಕಂಪನಿಗಳ ಕಾನೂನು ವಿಭಾಗಕ್ಕೆ, ಕೆಲವರು ನ್ಯಾಯಾಂಗ ಸೇವೆಗೆ, ಇನ್ನು ಕೆಲವರು ಕಡಿಮೆ ಹಣಕ್ಕೆ ಒಪ್ಪಿ ಸ್ವತಂತ್ರ ವಕೀಲರ ಕಚೇರಿಗೆ ಹೋಗುತ್ತಾರೆ. ಕೊನೆಯವರು ಹೇಳುವ ಕಾರಣ ಬಹುಮಟ್ಟಿಗೆ ಒಂದೇ, ತಾವೇ ನಿಂತು ವಾದಿಸಬೇಕು ಎಂಬ ಆಸೆ.

ಹೀಗಾಗಿ ಹದಿನೇಳರ ಮಗು ಕೇಳಿಕೊಳ್ಳಬೇಕಾದ ಪ್ರಶ್ನೆ 'ವಕೀಲನಾಗಲೇ' ಎನ್ನುವುದಷ್ಟೇ ಅಲ್ಲ, ಯಾವ ಕುರ್ಚಿಯ ವಕೀಲ ಎನ್ನುವುದೂ ಹೌದು. ಇದನ್ನು ಕಣ್ಣಾರೆ ನೋಡಲು ಶುಲ್ಕವಿಲ್ಲ. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಎಲ್ಲರಿಗೂ ಮುಕ್ತ. ಬೆಂಗಳೂರಿನ ಹೈಕೋರ್ಟ್ ಮಾತ್ರವಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ರಜೆಯಲ್ಲಿ ಒಂದು ಬೆಳಿಗ್ಗೆ ಪಾಲಕರು ಮಗುವನ್ನು ಕರೆದುಕೊಂಡು ಹೋಗಿ, ಫೋನು ಆರಿಸಿ, ಹಿಂದಿನ ಬೆಂಚಿನಲ್ಲಿ ಒಂದೆರಡು ಗಂಟೆ ಕುಳಿತು ಬರಬಹುದು. ಮೊದಲ ಅರ್ಧ ಗಂಟೆ ಏನೂ ತಿಳಿಯುವುದಿಲ್ಲ. ಆಮೇಲೆ ಯಾರು ಮಾತಾಡುತ್ತಿದ್ದಾರೆ, ಯಾರು ಅವರ ಕೈಗೆ ಕಾಗದ ಕೊಡುತ್ತಿದ್ದಾರೆ ಎಂಬುದು ಕಾಣತೊಡಗುತ್ತದೆ. ಹೊರಬಂದ ಮೇಲೆ ಮಗುವಿನ ಮಾತು ಆ ಇಬ್ಬರಲ್ಲಿ ಯಾರ ಬಗ್ಗೆ ಹೆಚ್ಚು ಎಂದು ಕೇಳಿಸಿಕೊಳ್ಳಬಹುದು.